ಕಾಪು ದೀಪಸ್ತಂಭದ ಎತ್ತರಕ್ಕೆ ಇಳಿದ ವಿಮಾನ

ಉಡುಪಿಯಿಂದ ಮಂಗಳೂರಿನ ಬಸ್ಸು ಹಿಡಿದರೆ ಕಟಪಾಡಿ ದಾಟಿದ ಮೇಲೆ ಕಾಪು. ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಇಲ್ಲಿನ ದೀಪಸ್ತಂಭದ ಎತ್ತರ ಸುಮಾರು 27 ಮೀಟರ್. ಪ್ರವಾಸಕ್ಕೆ ಬಂದ ಮಕ್ಕಳನ್ನು ಇದರ ಬುಡದಲ್ಲಿ ನಿಲ್ಲಿಸಿ ನಾನೊಂದು ಲೆಕ್ಕ ಕೇಳುವುದುಂಟು: ಬಜಪೆಯಲ್ಲಿ ಇಳಿಯುವ ವಿಮಾನ ರನ್‌ವೇಯಿಂದ ಇಷ್ಟೇ ಎತ್ತರದಲ್ಲಿದ್ದಾಗ, ಚಕ್ರ ಊರಬೇಕಾದ ಜಾಗ ಇನ್ನೆಷ್ಟು ದೂರ?

ಹತ್ತನೆಯ ತರಗತಿಯ ತ್ರಿಕೋನಮಿತಿ ಸಾಕು. ವಿಮಾನಗಳು ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರಿನಲ್ಲಿ ಬರುತ್ತವೆ. ಕಿಲೋಮೀಟರಿಗೆ ಸುಮಾರು 52 ಮೀಟರ್ ಇಳಿತ. ಹಾಗಾಗಿ ಉತ್ತರ, ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು. ಕಾರ್ಕಳದ ಗೊಮ್ಮಟನ 42 ಅಡಿಗಾದರೆ 250 ಮೀಟರೂ ಇಲ್ಲ. ಜೆಟ್ ವಿಮಾನಕ್ಕೆ ಅದು ಮೂರು ನಾಲ್ಕು ಸೆಕೆಂಡಿನ ದಾರಿ!

ದಾರಿ ತಪ್ಪದಂತೆ ರನ್‌ವೇ ಪಕ್ಕದಲ್ಲಿ ನಾಲ್ಕು ದೀಪಗಳಿರುತ್ತವೆ. ಪೈಲಟ್‌ಗೆ ಎರಡು ಬಿಳಿ, ಎರಡು ಕೆಂಪಾಗಿ ಕಂಡರೆ ಸರಿ. ನಾಲ್ಕೂ ಕೆಂಪಾದರೆ ತೀರಾ ಕೆಳಗೆ, ನಾಲ್ಕೂ ಬಿಳಿಯಾದರೆ ತೀರಾ ಮೇಲೆ.

ಕೆಳಗಾದರೆ ಏನಾಗುತ್ತದೆಂದು ಬೆಂಗಳೂರು ಕಂಡಿದೆ. 1990ರ ಫೆಬ್ರವರಿ 14, ನಡುಹಗಲು, ತಿಳಿಯಾದ ಆಕಾಶ. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ 320 ವಿಮಾನದ ಎಂಜಿನುಗಳು ಕನಿಷ್ಠ ವೇಗದಲ್ಲೇ ಉಳಿದಿದ್ದವು. ವೇಗವೂ ಎತ್ತರವೂ ಒಟ್ಟಿಗೆ ಕುಸಿದವು. ಪೈಲಟ್‌ಗಳಿಗೆ ಅರಿವಾಗಿ ಶಕ್ತಿ ಹೆಚ್ಚಿಸಿದರೂ ಜೆಟ್ ಎಂಜಿನ್ ಸ್ಕೂಟರಿನಂತೆ ತಿರುವಿದೊಡನೆ ಎಳೆಯುವುದಿಲ್ಲ, ಅದಕ್ಕೆ ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಇರಲಿಲ್ಲ. ಎಚ್‌ಎಎಲ್ ನಿಲ್ದಾಣಕ್ಕೆ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. 146 ಮಂದಿಯಲ್ಲಿ 92 ಮಂದಿ ಸತ್ತರು.

ನಮ್ಮ ಬಜಪೆಯದು ತದ್ವಿರುದ್ಧ ಕತೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ತೀರಾ ಎತ್ತರದಲ್ಲಿತ್ತು. ನಿಲ್ದಾಣದ ರಾಡಾರ್ ಎರಡು ದಿನದಿಂದ ಕೆಟ್ಟಿದ್ದರಿಂದ ಇಳಿಯಲು ಶುರು ಮಾಡಿದ್ದೇ ತಡ. ಮತ್ತೆ ಮೇಲೇರೋಣವೆಂದು ಸಹಪೈಲಟ್ ಹೇಳಿದ್ದು ಧ್ವನಿಮುದ್ರಣದಲ್ಲಿದೆ, ಕ್ಯಾಪ್ಟನ್ ಕೇಳಲಿಲ್ಲ. 2450 ಮೀಟರ್ ರನ್‌ವೇಯಲ್ಲಿ ಸುಮಾರು 1600 ಮೀಟರ್ ಕಳೆದ ಮೇಲೆ ಚಕ್ರ ಊರಿತು. ಗುಡ್ಡದ ನೆತ್ತಿ ಕಡಿದು ಮಾಡಿದ ರನ್‌ವೇ, ಆಚೆಗೆ ಕಮರಿ. 158 ಮಂದಿ ಹೋದರು, ಉಳಿದವರು ಎಂಟೇ ಮಂದಿ.

ಮಣಿಪಾಲದ ನೆಂಟರೊಬ್ಬರು, ತಮ್ಮ ವಿಮಾನ ನೆಲದ ಹತ್ತಿರ ಬಂದು ಪುನಃ ಮೇಲೆ ಹಾರಿತೆಂದು ಪೈಲಟ್‌ಗೆ ಬೈಯುತ್ತಿದ್ದರು. ಅಂಥ ಪೈಲಟ್‌ಗೆ ನಾನಾದರೆ ನೂರಕ್ಕೆ ನೂರು ಕೊಡುತ್ತೇನೆ.

ಕಾಪುವಿನಿಂದ ಇದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಕೂಳೂರಿನ ಬಳಿ, ಫಲ್ಗುಣಿ ಹೊಳೆಯ ದಡದಲ್ಲಿ, ಬಜಪೆಯಲ್ಲಿ ಮಡಿದವರ ಸ್ಮಾರಕವಿದೆ. ಗುರುತು ಹತ್ತದ ಶರೀರಗಳನ್ನು ಮಣ್ಣು ಮಾಡಿದ್ದು ಅಲ್ಲಿಯೇ.