ಮಳವಳ್ಳಿಯ ದಾರಿಯಲ್ಲೊಂದು ಚುಕ್ಕೆಯ ಕುದುರೆ

ಮಂಡ್ಯದ ಸೀಮೆಯು ಎತ್ತಿನ ಸೀಮೆಯೇ ಹೊರತು ಕುದುರೆಯ ಸೀಮೆಯಲ್ಲವೆಂಬುದು ವಾಚಕರಿಗೆ ತಿಳಿದ ವಿಷಯವಷ್ಟೆ. ಇಲ್ಲಿಯ ರೈತನು ಹಳ್ಳಿಕಾರ್ ಹೋರಿಯ ಕೊಂಬು, ಬೆನ್ನು, ಗೊರಸು, ಸುಳಿಗಳನ್ನು ಒಮ್ಮೆ ನೋಡಿ ಅದರ ಗುಣವನ್ನು ಹೇಳಬಲ್ಲನು. ಕುದುರೆಯ ಮುಂದೆ ನಿಂತರೆ ಮಾತ್ರ ಅವನಿಗೂ ಕೊಂಚ ಅಳುಕು. ಆದರೂ ಅಶ್ವದ ಸಂಬಂಧವು ಈ ನಾಡಿಗೆ ಹೊಸದೇನೂ ಅಲ್ಲ. ಮದ್ದೂರಿನಿಂದ ಹುಲಿಯೂರುದುರ್ಗದ ಮೇಲೆ ಹೋಗುವ ಹಾದಿಯು ಕುಣಿಗಲನ್ನು ಸೇರುವುದು. ಟಿಪ್ಪುವಿನ ಕಾಲದಲ್ಲಿ ಸೈನ್ಯದ ಕುದುರೆಗಳನ್ನು ಬೆಳೆಸಿದ ಸ್ಥಳವೆಂದು ಆ ಊರು ಹೆಸರಾಗಿದೆ. 1799ನೆಯ ಇಸವಿ ಮಾರ್ಚಿ 27ರಂದು ಮಳವಳ್ಳಿಯ ಬಯಲಿನಲ್ಲಿ ಸುಲ್ತಾನನ ಸೈನ್ಯಕ್ಕೂ ಇಂಗ್ಲಿಷರ ಸೈನ್ಯಕ್ಕೂ ಕಾಳಗವಾದಾಗ ಎರಡು ಕಡೆಯಲ್ಲಿಯೂ ಕುದುರೆಗಳಿದ್ದವು. ಬಹುಕಾಲದ ಮೇಲೆ ರೈಲುನಿಲ್ದಾಣಗಳ ಮುಂದೆ ಜಟಕಾ ಗಾಡಿಗಳು ನಿಲ್ಲುತ್ತಿದ್ದುದನ್ನು ನಮ್ಮ ಹಿರಿಯರು ಕಂಡಿದ್ದರು. ಈಗ ಈ ಊರುಗಳಲ್ಲಿ ಕುದುರೆಯು ಹೆಚ್ಚಾಗಿ ಕಾಣುವುದು ಮದುವೆಯ ಮೆರವಣಿಗೆಯಲ್ಲಿ.

ಈಚೆಗೆ ನಾವು ಕಾರ್ಯಾರ್ಥವಾಗಿ ಮಂಡ್ಯದಿಂದ ಮದ್ದೂರಿಗೆ ಬಂದು ಅಲ್ಲಿಂದ ಮಳವಳ್ಳಿಗೆ ಹೊರಟೆವು. ಮದ್ದೂರಿನಲ್ಲಿ ಶಿಂಷಾ ನದಿಯನ್ನು ನೋಡಿಕೊಂಡು, ಆ ಊರಿನ ಹೆಸರನ್ನೇ ಹೊತ್ತ ವಡೆಯನ್ನು ಸವಿದು, ಕೆ.ಎಂ.ದೊಡ್ಡಿಯ ಮಾರ್ಗವನ್ನು ಹಿಡಿದೆವು. ಇಕ್ಕೆಲದಲ್ಲಿಯೂ ಕಬ್ಬು, ನಡುನಡುವೆ ಬತ್ತ, ಅಲ್ಲಲ್ಲಿ ಆಲೆಮನೆಯ ಹೊಗೆ. ಕಾಲುವೆಯ ನೀರು ಕಂಡ ನೆಲದ ಸೊಬಗೇ ಬೇರೆ. ಮಳವಳ್ಳಿಯು ಇನ್ನೇನು ಬಂದಿತೆನ್ನುವಲ್ಲಿ ರಸ್ತೆಯ ಪಕ್ಕದ ಒಂದು ಹೊಂಗೆಯ ಮರದಡಿಯಲ್ಲಿ ವಿಚಿತ್ರವಾದ ಕುದುರೆಯೊಂದನ್ನು ಕಂಡು ವಾಹನವನ್ನು ನಿಲ್ಲಿಸಿದೆವು. ಮೈಯೆಲ್ಲ ಬಿಳುಪು, ಎಣಿಸಬಹುದಾದಷ್ಟು ಮಾತ್ರ ಕಪ್ಪು ಚುಕ್ಕೆಗಳು, ಮೂತಿಯ ಚರ್ಮದಲ್ಲಿ ಬಿಳಿ ಕಪ್ಪುಗಳ ಮಿಶ್ರಣ, ಕಣ್ಣಿನ ಸುತ್ತ ಮನುಷ್ಯನ ಕಣ್ಣಿನಲ್ಲಿರುವಂತೆ ಬಿಳಿಯ ವಲಯ.

ಅದನ್ನು ಸಾಕಿದವನು ತರುಣನು. ಇದು ಅಪ್ಪಲೂಸಾ ಎಂಬ ಅಮೆರಿಕದ ಜಾತಿಯೆಂದು ಮಾರಿದವನು ಹೇಳಿದನಂತೆ, ಕಾಗದಪತ್ರಗಳಾವುವೂ ಇರಲಿಲ್ಲ. ಮದುವೆಯ ಮೆರವಣಿಗೆಗೆಂದು ಸಾಲಮಾಡಿ ಕೊಂಡಿದ್ದನು. ಈಗಲಾದರೋ ಅದನ್ನು ಬಂದ ಬೆಲೆಗೆ ಮಾರಿಬಿಡುವ ಯೋಚನೆಯಲ್ಲಿದ್ದನು.

“ಅಗಲೊತ್ತು ಚಿನ್ನದಂತ ಕುದ್ರೆ ಮೇಷ್ಟ್ರೆ, ಮಗ ಕೂತ್ರೂ ಅಲ್ಲಾಡಾಕಿಲ್ಲ. ಒತ್ತು ಮುಳುಗ್ತು ಅಂದ್ರೆ ದೆವ್ವ ಮೆಟ್ಕೊಂಡಂಗೆ ಆಡ್ತದೆ. ಓದ್ ತಿಂಗ್ಳು ಮದುವೆ ಗಂಡು ಬೀಳೋದು ಒಸಿಯಲ್ಲಿ ತಪ್ತು. ಸುಳಿ ಕೆಟ್ಟದ್ದು ಅಂತಾರೆ ಎಲ್ರೂ. ಕಣ್ಣು ನೋಡಿ, ಎಂಗೆ ಕೆಕ್ಕರಿಸ್ತದೆ!” ಎಂದನು. ಹೊಡೆದುದೂ ಉಂಟೆಂದು ತಲೆ ತಗ್ಗಿಸಿ ಹೇಳಿದನು.

ಈ ಜಾತಿಯ ವಿಷಯವನ್ನು ನಾವು ಓದಿ ತಿಳಿದಿದ್ದೆವು. ಅಮೆರಿಕದ ವಾಯವ್ಯ ಭಾಗದಲ್ಲಿ ಪಲೂಸ್ ಎಂಬ ನದಿಯುಂಟು. ಆ ಸೀಮೆಯ ನೆಜ್ ಪರ್ಸ್ ಎಂಬ ಮೂಲನಿವಾಸಿಗಳು ಕುದುರೆ ಸಾಕುವುದರಲ್ಲಿ ಪ್ರವೀಣರು. 1877ರಲ್ಲಿ ಅಲ್ಲಿಯ ಸರ್ಕಾರದ ಸೈನ್ಯವು ಅವರನ್ನು ಬೆನ್ನಟ್ಟಿದಾಗ ಅವರು ಹೆಂಗಸರು ಮಕ್ಕಳೊಡನೆ ಸಾವಿರ ಮೈಲಿಗೂ ಮಿಕ್ಕ ದಾರಿಯನ್ನು ಕ್ರಮಿಸಿ ಕೊನೆಗೆ ಶರಣಾದರು. ಅವರ ಕುದುರೆಗಳು ಚೆಲ್ಲಾಪಿಲ್ಲಿಯಾದವು. ಅಳಿದುಳಿದ ತಳಿಯನ್ನು ಕಾಪಾಡಲು 1938ರಲ್ಲಿ ಒಂದು ಸಂಘವು ಏರ್ಪಟ್ಟಿತು. ಐದಡಿಯ ಆಸುಪಾಸು ಎತ್ತರದ ಈ ಕುದುರೆಗಳು ಸಾಮಾನ್ಯವಾಗಿ ಶಾಂತಸ್ವಭಾವದವು, ಕಷ್ಟಸಹಿಷ್ಣುಗಳು ಎಂದು ಪ್ರಸಿದ್ಧಿ. ಆದರೆ ಇಂಥ ಚುಕ್ಕೆಗಳು ಡೆನ್ಮಾರ್ಕು ಮೊದಲಾದ ದೇಶಗಳ ಬೇರೆ ತಳಿಗಳಲ್ಲಿಯೂ ಇರುವುದರಿಂದ ಚುಕ್ಕೆಯೊಂದರಿಂದಲೇ ಜಾತಿಯನ್ನು ನಿರ್ಣಯಿಸುವಂತಿಲ್ಲ. ನಮ್ಮ ಮಹಾಭಾರತದ ಸಭಾಪರ್ವದಲ್ಲಿಯೂ ಅರ್ಜುನನು ಗಂಧರ್ವರ ನಗರದಿಂದ ಕಪ್ಪವಾಗಿ ಪಡೆದ ಕುದುರೆಗಳು ತಿತ್ತಿರಿ ಪಕ್ಷಿಯಂತೆ ಚಿತ್ರವರ್ಣದವು ಎಂದು ವರ್ಣಿತವಾಗಿವೆ.

ಜಾತಿಯ ಹೆಸರು ಏನೇ ಇರಲಿ, ಆ ತರುಣನ ದೂರಿಗೆ ಉತ್ತರವು ಚುಕ್ಕೆಯಲ್ಲಿಯೇ ಇರಬಹುದೆಂದು ನಮಗೆ ತೋರಿತು. ಈ ಬಗೆಯ ಚುಕ್ಕೆಯನ್ನು ಕೊಡುವ ವಂಶಬೀಜವು ತಂದೆ ತಾಯಿ ಇಬ್ಬರಿಂದಲೂ ಬಂದಲ್ಲಿ ಮರಿಗೆ ಹುಟ್ಟಿನಿಂದಲೇ ಇರುಳುಗುರುಡು ಇರುವುದೆಂದು ಈಗಿನ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಂಥವುಗಳ ಮೈಯಲ್ಲಿ ಬಿಳುಪು ಹೆಚ್ಚು, ಚುಕ್ಕೆ ವಿರಳ. ಹಗಲಿನಲ್ಲಿ ಅವು ಚೆನ್ನಾಗಿ ಕಾಣುವುವು, ಕತ್ತಲಾದರೆ ಕಾಣಲಾರವು. ಈ ದೋಷವು ವಯಸ್ಸಿನೊಡನೆ ಹೆಚ್ಚುವುದೂ ಇಲ್ಲ, ಗುಣವಾಗುವುದೂ ಇಲ್ಲ. ಹೀಗಿರಲು, ಕತ್ತಲೆಯ ನಡುವೆ ಕಣ್ಣು ಕೋರೈಸುವ ದೀಪ, ಪಟಾಕಿಯ ಸದ್ದು, ಬೆನ್ನ ಮೇಲೆ ಅಪರಿಚಿತನ ಭಾರ, ಸುತ್ತಲೂ ಜನದ ನೂಕುನುಗ್ಗಲು, ಇವುಗಳ ಮಧ್ಯದಲ್ಲಿ ಕಣ್ಣು ಕಾಣದ ಮೂಕಪ್ರಾಣಿಯು ಹಾರಿಬಿದ್ದರೆ ಅದನ್ನು ದುಷ್ಟತನವೆನ್ನಬಹುದೆ? ಕಣ್ಣಿನ ಬಿಳುಪಾದರೋ ಕೋಪದ ಗುರುತೇ ಅಲ್ಲ. ಬೇರೆ ಕುದುರೆಗಳು ಬೆದರಿದಾಗ ಮಾತ್ರ ಬಿಳುಪು ಕಾಣುವುದುಂಟು; ಈ ಬಗೆಯದರಲ್ಲಿ ಅದು ಸಹಜವಾದ ಲಕ್ಷಣ. ಕೋಪವನ್ನು ತಿಳಿಯಬೇಕಾದರೆ ಕಿವಿಯನ್ನು ನೋಡಬೇಕು: ಎರಡು ಕಿವಿಯೂ ಹಿಂದಕ್ಕೆ ಬಾಗಿ ಕತ್ತಿಗೆ ಅಂಟಿದರೆ ಅದು ಸಿಟ್ಟು, ಮುಂದಕ್ಕೆ ನಿಮಿರಿದರೆ ಲಕ್ಷ್ಯ.

ಇದನ್ನೆಲ್ಲ ಹೇಳಿ, “ನಾವು ಪಾಠ ಹೇಳಿದವರು ಕಾಣಪ್ಪ, ವೈದ್ಯರಲ್ಲ, ಪಶುವೈದ್ಯರಿಂದ ಕಣ್ಣನ್ನು ಪರೀಕ್ಷೆ ಮಾಡಿಸು. ರೋಮವನ್ನು ಕಳುಹಿಸಿ ವಂಶಬೀಜವನ್ನು ತಿಳಿಯುವ ಕ್ರಮವೂ ಉಂಟು” ಎಂದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, “ರಾತ್ರಿ ಮೆರವಣಿಗೆ ಬುಟ್ರೆ ಉರುಳಿಗೆ ದುಡ್ಡೆಲ್ಲಿ ಮೇಷ್ಟ್ರೆ?” ಎಂದು ಕೇಳಿದನು. ನ್ಯಾಯವಾದ ಪ್ರಶ್ನೆಯೇ. ಪಕ್ಕದಲ್ಲಿ ಕುಳಿತಿದ್ದ ಅವನ ತಂದೆಯು ಮಾತ್ರ, “ಮಾರೋದಾದ್ರೆ ಇದ್ನೂ ಯೋಳಿ ಮಾರ್ಬೇಕು ಕಣ್ಲಾ. ಯೋಳ್ದೆ ಮಾರಿ, ಇನ್ನೊಬ್ಬರ ಮನೆ ಮಗ ಬಿದ್ರೆ?” ಎಂದನು. ದೋಷವನ್ನು ಹೇಳಿದರೆ ಬೆಲೆ ಬಾರದು, ಹೇಳದಿದ್ದರೆ ಪಾಪ. ಕಡೆಗೆ ರಾತ್ರಿಯ ಮೆರವಣಿಗೆಗಳನ್ನು ಬಿಟ್ಟು, ಊರಹಬ್ಬ, ಶಾಲೆಯ ರಾಜ್ಯೋತ್ಸವ ಮೊದಲಾದ ಹಗಲಿನ ಮೆರವಣಿಗೆಗಳಿಗೆ ಮಾತ್ರ ಒಂದು ವರ್ಷ ಒಪ್ಪಿಕೊಂಡು ನೋಡುವುದೆಂದು ತಂದೆ ಮಕ್ಕಳು ಮಾತಾಡಿಕೊಂಡರು. ಆದಾಯವು ಅರ್ಧಕ್ಕೆ ಇಳಿಯುವುದೆಂಬುದನ್ನು ಅವರೂ ಬಲ್ಲರು.

ಕುದುರೆಯನ್ನು ಸಾಕಬೇಕೆಂಬ ಆಸೆಯುಳ್ಳ ಗೃಹಸ್ಥರು ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರುವುದು ಉತ್ತಮ. ಕುದುರೆಯು 25–30 ವರ್ಷ ಬದುಕಬಲ್ಲದು. ಕೊಂಡ ಬೆಲೆಗಿಂತ ಸಾಕುವ ವೆಚ್ಚವೇ ದೊಡ್ಡದು. ದಿನಕ್ಕೆ 25 ಲೀಟರಿಗೆ ಕಡಮೆಯಿಲ್ಲದೆ ನೀರು ಬೇಕು. ಆರೆಂಟು ವಾರಗಳಿಗೊಮ್ಮೆ ಗೊರಸನ್ನು ಕತ್ತರಿಸಿ ಒಪ್ಪಮಾಡಿಸಬೇಕು. ಅದರ ಹೊಟ್ಟೆಯು ಚಿಕ್ಕದಾದುದರಿಂದ ಹುಲ್ಲನ್ನು ದಿನವಿಡೀ ಸ್ವಲ್ಪಸ್ವಲ್ಪವಾಗಿ ಮೇಯುತ್ತಿರಬೇಕು. ಬೆಲ್ಲದ ಸೀಮೆಯೆಂದು ಪ್ರೀತಿಯಿಂದ ಬೆಲ್ಲವನ್ನೂ ಕಾಳನ್ನೂ ಒಮ್ಮೆಲೇ ಅತಿಯಾಗಿ ತಿನ್ನಿಸಿದರೆ ಹೊಟ್ಟೆಶೂಲೆ, ಗೊರಸಿನ ಬಾವು ಬರುವುವು. ಹಣೆಯ ಎದುರಿಗೂ ಬಾಲದ ಹಿಂದೆಯೂ ಅದಕ್ಕೆ ಕಾಣದ ಎಡೆಯಿರುವುದರಿಂದ, ಮಾತನಾಡಿಸುತ್ತ ಹೆಗಲಿನ ಕಡೆಯಿಂದ ಸಮೀಪಿಸಬೇಕು. ಚುಕ್ಕೆಯ ಕುದುರೆಗೆ ಕಣ್ಣಿನ ಉರಿಯೂತವೂ ಇತರವುಗಳಿಗಿಂತ ಹೆಚ್ಚಾಗಿ ಬರುವುದು. ಕಣ್ಣಿನಲ್ಲಿ ನೀರು ಸುರಿದರೆ, ಬೆಳಕಿಗೆ ರೆಪ್ಪೆ ಮುಚ್ಚಿದರೆ, ಅಂದೇ ವೈದ್ಯರಿಗೆ ತೋರಿಸತಕ್ಕದ್ದು. ತಡಮಾಡಿದರೆ ಕಣ್ಣೇ ಹೋದೀತು.

ವಿರಾಟನ ಆಸ್ಥಾನಕ್ಕೆ ಗ್ರಂಥಿಕನೆಂಬ ಹೆಸರಿನಿಂದ ಬಂದ ನಕುಲನು ತಾನು ಕುದುರೆಗಳ ಪ್ರಕೃತಿಯನ್ನೂ, ಶಿಕ್ಷಣವನ್ನೂ, ದುಷ್ಟವಾದವುಗಳನ್ನು ತಿದ್ದುವ ಬಗೆಯನ್ನೂ, ಚಿಕಿತ್ಸೆಯನ್ನೂ ಬಲ್ಲೆನೆಂದು ಒಟ್ಟಿಗೆ ಹೇಳಿಕೊಂಡನು. ನಳ ಮಹಾರಾಜನ ಕಥೆಯಲ್ಲಿಯೂ ಈ ವಿದ್ಯೆಗೆ ಅಶ್ವಹೃದಯವೆಂದು ಹೆಸರು. ಕುದುರೆಯ ಹೃದಯವನ್ನು ತಿಳಿಯದೆ ಅದನ್ನು ಆಳುವುದು ಸಾಧ್ಯವಿಲ್ಲವೆಂಬುದೇ ಹಿರಿಯರ ಅಭಿಪ್ರಾಯವಾಗಿರಬೇಕು. ಸುಳಿಯನ್ನು ನೋಡುವವರು ನೋಡಲಿ; ನಾವು ಬೇಡವೆನ್ನುವುದಿಲ್ಲ. ಆದರೆ ಕೆಟ್ಟದೆಂದು ಹೆಸರಿಡುವುದಕ್ಕೆ ಮುಂಚೆ ಅದಕ್ಕೆ ಕಣ್ಣು ಕಾಣುವುದೇ, ಕಿವಿ ಕೇಳುವುದೇ, ಎಲ್ಲಿಯಾದರೂ ನೋವುಂಟೇ ಎಂದು ವಿಚಾರಿಸುವುದು ಯಜಮಾನನ ಧರ್ಮವು. ಮನೆಯಲ್ಲಿ ಎತ್ತು ಸಾಕಿದವರಿಗೂ, ಮಕ್ಕಳನ್ನು ಸಾಕಿದವರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.