ಕನ್ನಡದಲ್ಲಿ ನಾನು ಬರೆದ ಮೊದಲ ಗಜಲ್

ಈ ವರ್ಷ ಕನ್ನಡ ಪ್ರಾಜೆಕ್ಟ್‌ಗೆ ನಮ್ಮ ಮೇಡಂ ಒಂದೇ ನಿಯಮ ಹಾಕಿದ್ದರು: ಇದುವರೆಗೆ ನೀವು ಬರೆಯದೇ ಇರುವ ಸಾಹಿತ್ಯ ಪ್ರಕಾರವನ್ನು ಆರಿಸಿಕೊಂಡು ಬರೆಯಬೇಕು. ಪ್ರಬಂಧ, ಪತ್ರ, ವರದಿ ಎಲ್ಲವೂ ಹೈಸ್ಕೂಲಿನಲ್ಲೇ ಮುಗಿದಿದ್ದವು. ಕೆಲವರು ಸಂದರ್ಶನ ತೆಗೆದುಕೊಂಡರು, ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುವ ನನ್ನ ಗೆಳತಿ ಬಯಲಾಟದ ಒಂದು ದೃಶ್ಯ ಬರೆಯುತ್ತೇನೆಂದಳು. ನಾನು ಗಜಲ್ ಎಂದೆ.

ಗಜಲ್ ಕೇಳಿ ಬೆಳೆದವಳು ನಾನು. ನಮ್ಮ ಮನೆಯ ಮಾತು ದಖನಿ ಉರ್ದು. ಅಮ್ಮಿ ಹೊಲಿಗೆ ಮೆಷಿನ್ ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಮುಶಾಯಿರಾ ಕೇಳುತ್ತಾರೆ. ಆದರೆ ಕೇಳುವುದೇ ಬೇರೆ, ಬರೆಯುವುದೇ ಬೇರೆ. ಅದರಲ್ಲೂ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ.

ಮೊದಲು ನಿಯಮಗಳನ್ನು ಕಲಿತೆ. ಗಜಲ್ ಎಂದರೆ ಎರಡೆರಡು ಸಾಲಿನ ಶೇರ್‌ಗಳ ಮಾಲೆ. ಸಾಮಾನ್ಯವಾಗಿ ಐದಾದರೂ ಇರಬೇಕು. ಪ್ರತಿ ಶೇರ್‌ನ ಕೊನೆಯಲ್ಲಿ ಬದಲಾಗದೆ ಮರಳಿ ಬರುವ ಪದ ‘ರದೀಫ್’. ಅದರ ಹಿಂದೆ ಬರುವ ಪ್ರಾಸಪದ ‘ಕಾಫಿಯಾ’. ಮೊದಲ ಶೇರ್ ‘ಮತ್ಲಾ’; ಅದರಲ್ಲಿ ಎರಡೂ ಸಾಲಿಗೆ ಕಾಫಿಯಾ, ರದೀಫ್ ಇರಬೇಕು. ಉಳಿದವುಗಳಲ್ಲಿ ಎರಡನೇ ಸಾಲಿಗೆ ಮಾತ್ರ. ಕವಿಯ ಕಾವ್ಯನಾಮ ಬರುವ ಕೊನೆಯ ಶೇರ್ ‘ಮಕ್ತಾ’.

ಹಳಗನ್ನಡದಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಬರುತ್ತದೆ, ಗಜಲ್‌ನಲ್ಲಿ ಸಾಲಿನ ತುದಿಗೆ. ಆದರೂ ಒಂದು ಅನುಕೂಲವಿದೆ. ಉರ್ದುವಿನಂತೆ ಕನ್ನಡದಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುವುದರಿಂದ ‘ಇಲ್ಲ’, ‘ಇದೆ’, ‘ಬೇಕು’ ಎಂಬ ಪದಗಳು ರದೀಫ್ ಆಗಿ ಸಲೀಸಾಗಿ ಕೂರುತ್ತವೆ. ರಾಯಚೂರಿನ ಶಾಂತರಸರು ಕನ್ನಡದಲ್ಲಿ ಗಜಲ್‌ಗೆ ನೆಲೆ ಕೊಟ್ಟವರಲ್ಲಿ ಪ್ರಮುಖರು. 2006ರ ಬೀದರ್ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರೂ ಅವರೇ. ಅದಕ್ಕೂ ಹಿಂದೆ, ಸುಮಾರು 400 ವರ್ಷಗಳ ಕೆಳಗೆ, ಗೋಲ್ಕೊಂಡದ ಸುಲ್ತಾನ ಮುಹಮ್ಮದ್ ಕುಲಿ ಕುತುಬ್ ಷಾ ದಖನಿಯಲ್ಲಿ ಗಜಲ್ ಬರೆದಿದ್ದ. ವಿಜಯಪುರದ ಎರಡನೇ ಅಲಿ ಆದಿಲ್ ಷಾ ‘ಶಾಹಿ’ ಎಂಬ ಕಾವ್ಯನಾಮ ಇಟ್ಟುಕೊಂಡಿದ್ದ. ಇದನ್ನು ಓದಿದ ಮೇಲೆ ಗಜಲ್ ಎಲ್ಲಿಂದಲೋ ಬಂದ ಅತಿಥಿ ಅನ್ನಿಸಲಿಲ್ಲ.

ಇನ್ನು ಯಾವುದರ ಬಗ್ಗೆ ಬರೆಯುವುದು? ಗಜಲ್ ಎಂದರೆ ಪ್ರೇಮ, ವಿರಹ, ಸಾಕಿ ಎನ್ನುತ್ತಾರೆ. ನನಗೆ ಗೊತ್ತಿದ್ದದ್ದು ನಮ್ಮ ಮನೆ. ಬಳ್ಳಾರಿ ಜೀನ್ಸ್ ಎಲ್ಲೆಲ್ಲೋ ಮಾರಾಟವಾಗುತ್ತದೆ. ಅದರ ಜೇಬುಗಳಲ್ಲಿ ಕೆಲವು ನಮ್ಮ ಮನೆಯಲ್ಲಿ, ಪೀಸಿಗೆ ಇಷ್ಟು ಎಂಬ ಲೆಕ್ಕದಲ್ಲಿ, ಅಮ್ಮಿಯ ಕೈಯಲ್ಲಿ ಹೊಲಿಗೆಯಾಗುತ್ತವೆ. ಇದನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ತಾಯಿಯ ಬಗ್ಗೆ ಪ್ರಬಂಧ ಬರೆ ಎಂದರೆ ‘ತ್ಯಾಗಮಯಿ’, ‘ಕರುಣಾಮಯಿ’ ಎಂದು ಎರಡು ಪುಟ ತುಂಬಿಸಬಹುದು, ಮೆಷಿನ್ ಹೆಸರೂ ಬರುವುದಿಲ್ಲ. ಗಜಲ್‌ನಲ್ಲಿ ಆ ದಾರಿಯಿಲ್ಲ. ಪ್ರತಿ ಶೇರ್ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಎರಡೇ ಸಾಲಿನಲ್ಲಿ ವಿವರಣೆಗೆ ಜಾಗವಿಲ್ಲ, ಕಂಡದ್ದನ್ನು ಇಡಬೇಕು ಅಷ್ಟೆ.

‘ಇನ್ನೂ ಇದೆ’ ಎಂಬ ರದೀಫ್ ಸಿಕ್ಕಿದ್ದು ಅಮ್ಮಿಯ ಬಾಯಿಂದಲೇ. ಮಲಗೋಣ ಬನ್ನಿ ಎಂದಾಗಲೆಲ್ಲ ಅವರು ಹೇಳುವುದು ಅದನ್ನೇ. ಮತ್ಲಾ ಹೀಗಾಯಿತು:

ಕತ್ತಲಾದರೂ ಮುಗಿಯದ ಹೊಲಿಗೆಯ ಸಾಲು ಇನ್ನೂ ಇದೆ
ದೀಪ ಆರಿಸುವಂತಿಲ್ಲ, ರಾತ್ರಿಯ ಪಾಲು ಇನ್ನೂ ಇದೆ

ಉರ್ದುವಿನ ‘ಬಹರ್’ ಕನ್ನಡಕ್ಕೆ ಹಾಗೇ ಇಳಿಯಲಿಲ್ಲ. ಅದರ ಬದಲು ಸಾಲಿಗೆ 25 ಮಾತ್ರೆ ಇಟ್ಟುಕೊಂಡೆ. ಇಲ್ಲಿ ನೆರವಾದವಳು ಕುರುಗೋಡಿನ ಗೆಳತಿ. ಅವಳ ತಾತ ಬಯಲಾಟದಲ್ಲಿ ಪಾತ್ರ ಮಾಡಿದವರು, ತಾಳ ಅವಳ ಕೈಯಲ್ಲೇ ಇದೆ. ಚಪ್ಪಾಳೆ ತಟ್ಟುತ್ತ ಓದಿ, “ಇದೊಂದು ಸಾಲು ಕುಂಟ್ತೈತೆ ನೋಡೇ” ಎಂದಳು. ಎಣಿಸಿದರೆ ಎರಡು ಮಾತ್ರೆ ಕಡಿಮೆ. ‘ನೂರು’ ಇದ್ದದ್ದನ್ನು ‘ನೂರಾರು’ ಮಾಡಿದೆ:

ನೂರಾರು ಜೇಬು ಹೊಲಿದವಳ ಸೆರಗಲ್ಲಿ ಗಂಟೇ ಇಲ್ಲ
ಮಗಳ ಮುಂದಿನ ಲೋಟದಲ್ಲಿ ಮಾತ್ರ ಹಾಲು ಇನ್ನೂ ಇದೆ

ಕಾಫಿಯಾ ಹುಡುಕುತ್ತ ‘ಕಾಲು’ ಬಂತು. ‘ಕಾಲು’ ಬಂದದ್ದೇ ತಡ, ಸಿರುಗುಪ್ಪದ ನಾನಿ ಬಂದಳು. ಭತ್ತದ ನಾಟಿಗೆ ಇಂದಿಗೂ ಗದ್ದೆಗೆ ಇಳಿಯುವವಳು. ಅವಳ ಬಗ್ಗೆ ಬರೆಯಬೇಕೆಂದು ನಾನು ಯೋಚಿಸಿರಲೇ ಇಲ್ಲ, ಪ್ರಾಸ ಕರೆದುಕೊಂಡು ಬಂತು:

ಕಾಲುವೆಯಲಿ ನೀರು ಬಂತೆಂದು ನಾನಿ ಫೋನು ಮಾಡಿದಳು
ಗದ್ದೆಯ ಕೆಸರಿನ ಒಳಗೆ ಅವಳ ಮುದಿ ಕಾಲು ಇನ್ನೂ ಇದೆ

ಕಟ್ಟುನಿಟ್ಟಿನ ನಿಯಮಗಳು ಬರೆಯುವವರ ಕೈ ಕಟ್ಟಿಹಾಕುತ್ತವೆ ಎಂದುಕೊಂಡಿದ್ದೆ. ನನ್ನ ಮಟ್ಟಿಗೆ ಅವು ಬಾಯಿ ಬಿಡಿಸಿದವು.

ತರಗತಿಯಲ್ಲಿ ಓದುವ ಮೊದಲು ಅಮ್ಮಿಗೆ ಓದಬೇಕಿತ್ತು. ಇದು ಅವರ ಬದುಕು. ಅವರು ಬೇಡ ಎಂದರೆ ಬೇರೆ ಗಜಲ್ ಬರೆಯಲು ಸಿದ್ಧಳಿದ್ದೆ. ಅಮ್ಮಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಮತ್ಲಾ ಓದಿದೆ. ಮೆಷಿನ್ ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು “ಮುಕರ್ರರ್” ಎಂದರು. ಮುಶಾಯಿರಾದಲ್ಲಿ ಮೆಚ್ಚಿದ ಸಾಲನ್ನು ಮತ್ತೊಮ್ಮೆ ಓದಿಸಲು ಹೇಳುವ ಮಾತು ಅದು. ಮತ್ತೊಮ್ಮೆ ಓದಿದೆ. ಹಾಲಿನ ಶೇರ್‌ಗೆ ಮಾತ್ರ, “ಲೋಟದಲ್ಲಿ ಅರ್ಧ ನೀರು, ಅದನ್ನೂ ಬರಿ” ಎಂದು ನಕ್ಕರು.

ಪೂರ್ತಿ ಗಜಲನ್ನು ಅವರಿಗಾಗಿ ಉರ್ದು ಲಿಪಿಯಲ್ಲಿ ಬರೆದುಕೊಟ್ಟೆ. ಉರ್ದುವಿನಲ್ಲಿ ‘ಳ’ಕ್ಕೆ ಅಕ್ಷರವಿಲ್ಲ. ಅದು ಬಂದಲ್ಲೆಲ್ಲ ‘ಲಾಮ್’ ಹಾಕಿದೆ. ಅಮ್ಮಿ ಓದುವಾಗ ತಾವೇ ಅದನ್ನು ‘ಳ’ ಮಾಡಿಕೊಂಡು ಓದುತ್ತಾರೆ.

ಮಕ್ತಾಕ್ಕೆ ಕಾವ್ಯನಾಮ ಬೇಕಲ್ಲ, ‘ದಾರ’ ಎಂದಿಟ್ಟುಕೊಂಡಿದ್ದೇನೆ:

ಇಷ್ಟೆಲ್ಲ ಬರೆದೆನೆಂದು ‘ದಾರ’ ನೀ ಹೆಮ್ಮೆ ಪಡಲುಬೇಡ
ಅಮ್ಮಿಯು ಹೇಳದೇ ತನ್ನೊಳಗಿಟ್ಟ ಸಾಲು ಇನ್ನೂ ಇದೆ

ಸ್ನೇಹಿತರೇ, ಮನೆಯಲ್ಲಿ ಒಂದು ಭಾಷೆ, ಪುಸ್ತಕದಲ್ಲಿ ಇನ್ನೊಂದು ಇರುವವರು ನಮ್ಮ ಕಾಲೇಜಿನಲ್ಲಿ ಬಹಳ ಜನ ಇದ್ದೇವೆ. ಬರೆದು ಗೊತ್ತಿಲ್ಲದ ಪ್ರಕಾರವೊಂದನ್ನು ನೀವೂ ಕೈಗೆತ್ತಿಕೊಳ್ಳಿ. ಗಜಲ್ ಆದರೆ, ಮೊದಲು ಮನೆಯವರ ಬಾಯಲ್ಲಿ ದಿನಾ ಬರುವ ಮಾತೊಂದನ್ನು ಗಮನಿಸಿ. ನಿಮ್ಮ ರದೀಫ್ ಅಲ್ಲೇ ಇರಬಹುದು.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಕಲಾ ವಿಭಾಗ