ಚಾರ್ಜಿಗಿಟ್ಟಾಗ ಮಾತ್ರ ಬರುತ್ತಿದ್ದ ಸುದ್ದಿ

ದೊಡ್ಡಮ್ಮ ತೀರಿಕೊಂಡಾಗ ಆಯಿಗೆ, ಅಂದರೆ ನನ್ನ ಅಮ್ಮನಿಗೆ, ತನ್ನ ಅಕ್ಕನ ಮುಖ ಕೊನೆಯ ಸಲ ನೋಡಲಾಗಲಿಲ್ಲ. ಸುದ್ದಿ ಬೆಳಗ್ಗೆಯೇ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿತ್ತು. ಆಯಿಯ ಫೋನಿಗೆ ಅದು ಮುಟ್ಟಿದ್ದು ಸಂಜೆ. ಫೋನು ಹಳೆಯದು, ಊರು ಮಲೆನಾಡಿನದು, ಮಳೆಗಾಲ ಬೇರೆ. ತಪ್ಪು ಹೊರಿಸಲು ಇಷ್ಟೆಲ್ಲ ಇತ್ತು, ನಾನೂ ಮೊದಲು ಇವುಗಳ ಮೇಲೆಯೇ ಹೊರಿಸಿದೆ. ಆದರೆ ಆ ಸಂದೇಶವನ್ನು ಹಗಲಿಡೀ ತಡೆದದ್ದು ನಾನೇ ಕೈಯಾರೆ ಬದಲಿಸಿಟ್ಟಿದ್ದ ಸೆಟ್ಟಿಂಗ್‌ಗಳು. ಊರಿನಲ್ಲಿರುವ ತಂದೆ-ತಾಯಿಯ ಫೋನಿಗೆ ಕೈ ಹಾಕುವ ನನ್ನಂಥ ಮಕ್ಕಳು ತುಂಬ ಜನ ಇದ್ದಾರೆ. ಅವರಲ್ಲಿ ಒಬ್ಬರಾದರೂ ಈ ತಪ್ಪು ಮಾಡದೆ ಉಳಿದರೆ ಸಾಕೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಶಿರಸಿಯ ಕಡೆಯ ಒಂದು ಹಳ್ಳಿಯಲ್ಲಿ, ಗುಡ್ಡದ ಬುಡದ ಅಡಿಕೆ ತೋಟದ ಅಂಚಿಗೆ ಇದೆ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಲ್ಯಾಂಡ್‌ಲೈನ್ ಸತ್ತು ವರ್ಷಗಳಾದವು. ಈಗ ಮನೆಗಿರುವ ಒಂದೇ ಸಂಪರ್ಕ ಫೈಬರ್ ಮೂಲಕ ಬರುವ ವೈ-ಫೈ. ಕರೆಂಟ್ ಹೋದರೂ ಇರಲೆಂದು ರೂಟರನ್ನು ಇನ್ವರ್ಟರಿಗೆ ಜೋಡಿಸಿದ್ದೇವೆ. ಅಪ್ಪ ಹೋದ ಮೇಲೆ ಆಯಿ ಒಬ್ಬಳೇ ಇದ್ದಾಳೆ. ಮಕ್ಕಳ ಮಾತು, ಸೊಸೈಟಿಯ ಅಡಿಕೆ ದರ, ಊರಿನ ಸಾವು-ನೋವು ಎಲ್ಲವೂ ಅವಳಿಗೆ ಆ ಫೋನಿನ ಮೂಲಕವೇ ಬರಬೇಕು.

ಫೋನು 2017ರದ್ದು, ಅದರಲ್ಲಿದ್ದುದು ಆಂಡ್ರಾಯ್ಡ್ 7. ಕೊಂಡಾಗ ಎರಡು ದಿನ ಬರುತ್ತಿದ್ದ ಚಾರ್ಜು ಬರಬರುತ್ತ ಮಧ್ಯಾಹ್ನದ ಊಟದ ಹೊತ್ತಿಗೇ ಮುಗಿಯತೊಡಗಿತು. ದೀಪಾವಳಿಗೆ ಊರಿಗೆ ಹೋದಾಗ ಆಯಿ ಅದನ್ನು ನನ್ನ ಕೈಗಿಟ್ಟಳು. ಸಾಫ್ಟ್‌ವೇರ್ ಕೆಲಸದವನು ನಾನು, ನೆರೆಹೊರೆಯವರೂ ಫೋನು ಕೆಟ್ಟರೆ ನನಗೇ ತೋರಿಸುತ್ತಾರೆ. ಬ್ಯಾಟರಿ ಉಳಿಸಲು ಏನೇನು ಮಾಡಬಹುದೋ ಎಲ್ಲವನ್ನೂ ಒಂದೇ ಸಲ ಮಾಡಿದೆ. ಬ್ಯಾಟರಿ ಸೇವರ್ ಆನ್ ಮಾಡಿದೆ. ಪರದೆ ಆರಿದೊಡನೆ ಹಿಂದೆ ಓಡುತ್ತಿರುವ ಆ್ಯಪ್‌ಗಳನ್ನೆಲ್ಲ ಮುಚ್ಚುವ ಒಂದು ‘ಕ್ಲೀನರ್’ ಹಾಕಿದೆ. ವೈ-ಫೈ ಸೆಟ್ಟಿಂಗ್‌ನ ಒಳಗೆ, ಫೋನು ನಿದ್ದೆ ಮಾಡುವಾಗ ವೈ-ಫೈ ಯಾವಾಗ ಆನ್ ಇರಬೇಕು ಎಂಬ ಆಯ್ಕೆ ಇತ್ತು. ಅದನ್ನು ‘ಯಾವಾಗಲೂ’ ಇದ್ದದ್ದರಿಂದ ‘ಚಾರ್ಜ್ ಆಗುತ್ತಿರುವಾಗ ಮಾತ್ರ’ ಎಂಬುದಕ್ಕೆ ಬದಲಿಸಿದೆ. ಬಳಸಿದ ಆ್ಯಪ್‌ಗಳನ್ನು ಬೆರಳಿನಿಂದ ಸರಿಸಿ ತೆಗೆದುಹಾಕುವುದನ್ನು ಆಯಿಗೂ ಕಲಿಸಿದೆ. ಮಾರನೆಯ ದಿನ ಚಾರ್ಜು ಸಂಜೆವರೆಗೆ ಬಂತು. ಆಯಿಗೆ ಖುಷಿಯಾಯಿತು, ನಾನು ಬೆಂಗಳೂರಿಗೆ ಮರಳಿದೆ. ಮೊಬೈಲ್ ಸಿಗ್ನಲ್ಲೇ ಇಲ್ಲದ ಮನೆಯಲ್ಲಿ ಪರದೆ ಆರಿದ ಸ್ವಲ್ಪ ಹೊತ್ತಿಗೆ ವೈ-ಫೈ ಕೂಡ ಹೋಗುವಂತೆ ಮಾಡಿ ಬಂದಿದ್ದೇನೆಂಬುದು ಆಗ ನನಗೆ ಹೊಳೆಯಲೇ ಇಲ್ಲ.

ಆಮೇಲೆ ದೂರು ಶುರುವಾಯಿತು. ಮೆಸೇಜು ತಡವಾಗಿ ಬರುತ್ತದೆ, ಕೆಲವೊಮ್ಮೆ ಹತ್ತಾರು ಒಟ್ಟಿಗೇ ಬಂದು ಬೀಳುತ್ತವೆ ಎಂದಳು ಆಯಿ. ಕರೆಂಟಿನ ಮೇಲೆ ಹೇಳಿ ಸುಮ್ಮನಾಗಿಸಿದೆ. ಮಳೆ ಹಿಡಿದ ಮೇಲೆ ಒಮ್ಮೆ ಅವಳೇ ಗಮನಿಸಿ ಹೇಳಿದ ಮಾತು ಈಗಲೂ ನನ್ನನ್ನು ಕಾಡುತ್ತದೆ. “ತಮಾ, ಚಾರ್ಜಿಗೆ ಹಾಕಿದಾಗ ಮೆಸೇಜು ಬತ್ತು. ತೆಗೆದ್ಮೇಲೆ ಬತ್ತಿಲ್ಲೆ.”

“ಹಂಗೆಲ್ಲ ಆಗ್ತಿಲ್ಲೆ ಆಯಿ, ಕರೆಂಟ್ ಹೋಗಿದ್ದಿಕ್ಕು,” ಎಂದೆ. ಕರೆಂಟ್ ಇದ್ದರೇ ತಾನೆ ಚಾರ್ಜು, ಕರೆಂಟ್ ಇದ್ದರೇ ತಾನೆ ನೆಟ್ಟು ಎಂದು ನನ್ನಷ್ಟಕ್ಕೆ ಲೆಕ್ಕ ಹಾಕಿದ್ದೆ. ರೂಟರ್ ಇನ್ವರ್ಟರಿನಲ್ಲಿ ಇದೆಯಲ್ಲ ಎಂದು ಒಂದು ಕ್ಷಣ ಯೋಚಿಸಿದ್ದರೆ ಆ ಲೆಕ್ಕ ಅಲ್ಲೇ ಮುರಿದುಬೀಳುತ್ತಿತ್ತು. ಫೋನಿನ ರೋಗವೇನೆಂದು ಆಯಿ ಎರಡೇ ವಾಕ್ಯದಲ್ಲಿ ಪೂರ್ತಿಯಾಗಿ ಹೇಳಿದ್ದಳು. ತಂತ್ರಜ್ಞಾನ ಓದಿದವನು ನಾನು, ಅವಳಿಗೇನು ಗೊತ್ತಾಗಬೇಕು ಎಂಬ ಭಾವ ನನ್ನೊಳಗಿತ್ತು. ಅದಕ್ಕೇ ಅವಳ ಮಾತು ನನ್ನ ಕಿವಿಗೆ ಬೀಳಲಿಲ್ಲ.

ದೊಡ್ಡಮ್ಮನ ಮನೆ ಕುಮಟಾದ ಕಡೆ. ಬೆಳಗ್ಗೆ ತಿಳಿದಿದ್ದರೆ ದೇವಿಮನೆ ಘಟ್ಟ ಇಳಿದು ಆಯಿ ಹೊತ್ತಿಗೆ ಸರಿಯಾಗಿ ಮುಟ್ಟಬಹುದಿತ್ತು. ಅಲ್ಲಿಯವರು ಗುಂಪಿಗೆ ಸುದ್ದಿ ಹಾಕಿದರು, ಆಯಿಗೆ ವಾಟ್ಸ್‌ಆ್ಯಪ್ ಕರೆಯನ್ನೂ ಮಾಡಿ ನೋಡಿದರು. ಫೋನು ಅಡುಗೆಮನೆಯ ಕಪಾಟಿನ ಮೇಲೆ ಪರದೆ ಆರಿ ಕೂತಿತ್ತು. ಕರೆ ಹೋಗಲಿಲ್ಲವೆಂದರೆ ಅಲ್ಲಿ ಕರೆಂಟ್ ಇಲ್ಲ, ಮಗ ಹೇಗಾದರೂ ತಿಳಿಸುತ್ತಾನೆ ಎಂದುಕೊಂಡರಂತೆ. ಬೆಂಗಳೂರಿನಲ್ಲಿ ಸುದ್ದಿ ಓದಿದ ನಾನು ಗುಂಪಿನಲ್ಲಿ ಬಂದಿದೆಯಲ್ಲ, ಆಯಿ ನೋಡಿ ಹೊರಟಿರುತ್ತಾಳೆ ಎಂದುಕೊಂಡೆ. ಒಂದು ಸಾಂತ್ವನದ ಸಂದೇಶ ಕಳಿಸಿದೆ. ಅದರ ಪಕ್ಕ ಒಂದೇ ಟಿಕ್ ಬಿತ್ತು. ಒಂದು ಟಿಕ್ ಎಂದರೆ ಸಂದೇಶ ನನ್ನ ಫೋನಿನಿಂದ ಹೊರಟಿದೆ, ಆಕೆಯ ಫೋನಿಗೆ ಇನ್ನೂ ಸೇರಿಲ್ಲ ಎಂದರ್ಥ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ದಾರಿಯಲ್ಲಿರಬಹುದು, ಸಿಗ್ನಲ್ ಇರಲಿಕ್ಕಿಲ್ಲ ಎಂದು ಅದಕ್ಕೂ ಒಂದು ಕಾರಣ ಕಟ್ಟಿದೆ. ನೆರೆಮನೆಗೆ ಒಂದು ಕರೆ ಮಾಡಿ “ಆಯಿಗೆ ಹೇಳಿ” ಎಂದಿದ್ದರೆ ಸಾಕಿತ್ತು. ಮಾಡಲಿಲ್ಲ. ಸಂಜೆ ಕೆಲಸ ಮುಗಿಸಿ ಆಯಿ ಪರದೆ ಬೆಳಗಿಸಿದಾಗ ಎಲ್ಲ ಸಂದೇಶಗಳೂ ಒಮ್ಮೆಲೇ ಬಂದವು. ಆ ಹೊತ್ತಿಗೆ ಸಂಸ್ಕಾರ ಮುಗಿದುಹೋಗಿತ್ತು.

ಕಾರ್ಯಕ್ಕೆಂದು ಊರಿಗೆ ಹೋದಾಗ ಫೋನನ್ನು ಈ ಸಲ ಊಹೆ ಬಿಟ್ಟು ಪರೀಕ್ಷಿಸಿದೆ. ನನ್ನ ಫೋನನ್ನೂ ಆಯಿಯ ಫೋನನ್ನೂ ಅದೇ ವೈ-ಫೈಗೆ ಸೇರಿಸಿ ಒಂದೇ ಮೇಜಿನ ಮೇಲೆ ಪರದೆ ಆರಿಸಿ ಇಟ್ಟೆ. ತಂಗಿಗೆ ಇಬ್ಬರಿಗೂ ಸಂದೇಶ ಕಳಿಸಲು ಹೇಳಿದೆ. ನನ್ನದು ತಕ್ಷಣ ಸದ್ದು ಮಾಡಿತು, ಆಯಿಯದು ಮಾಡಲಿಲ್ಲ. ಅಂದರೆ ನೆಟ್ಟಿನದಾಗಲೀ ಕರೆಂಟಿನದಾಗಲೀ ತಪ್ಪಿಲ್ಲ. ಆಯಿಯ ಫೋನನ್ನು ಚಾರ್ಜಿಗೆ ಹಾಕಿದೆ. ಸಂದೇಶಗಳು ಬಂದವು. ತೆಗೆದೆ, ಸ್ವಲ್ಪ ಹೊತ್ತಿಗೆ ನಿಂತವು. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಆಮೇಲೆ ಒಂದೊಂದನ್ನೇ ಬದಲಿಸುತ್ತ, ಪ್ರತಿ ಸಲವೂ ಸಂದೇಶ ಕಳಿಸಿ ನೋಡುತ್ತ ಬಂದೆ. ವೈ-ಫೈ ಆಯ್ಕೆಯನ್ನು ‘ಯಾವಾಗಲೂ’ ಎಂಬುದಕ್ಕೆ ಮರಳಿಸಿದೊಡನೆ ದೊಡ್ಡ ಅಡ್ಡಿ ಹೋಯಿತು. ಆದರೂ ಕೆಲವು ಸಂದೇಶ ತಡವಾಗುತ್ತಿದ್ದವು. ಕ್ಲೀನರ್ ತೆಗೆದ ಮೇಲೆ ಅದೂ ಬಹುಪಾಲು ಸರಿಯಾಯಿತು. ಬ್ಯಾಟರಿ ಸೇವರ್ ಆಫ್ ಮಾಡಿ, ಬ್ಯಾಟರಿ ಆಪ್ಟಿಮೈಸೇಶನ್ ಪಟ್ಟಿಯಿಂದ ವಾಟ್ಸ್‌ಆ್ಯಪ್ಪನ್ನು ಹೊರಗಿಟ್ಟೆ. ಫೋನಿನ ಜಾಗ ಗುಡ್ ಮಾರ್ನಿಂಗ್ ಚಿತ್ರಗಳಿಂದ, ವಿಡಿಯೋಗಳಿಂದ ತುಂಬಿ ತುಳುಕುತ್ತಿತ್ತು. ಜಾಗವಿಲ್ಲದ ಫೋನಿನಲ್ಲಿ ಬಂದ ಸಂದೇಶವನ್ನು ಬರೆದಿಟ್ಟುಕೊಳ್ಳಲೂ ಆ್ಯಪ್ ಒದ್ದಾಡುತ್ತದೆ. ಹಾಗಾಗಿ ಅದನ್ನೂ ಖಾಲಿ ಮಾಡಿದೆ.

ಹೀಗೇಕೆ ಆಗುತ್ತದೆಂದು ತಿಳಿದುಕೊಂಡರೆ ಮುಂದಿನ ಸಲ ಊಹೆಯ ಮೇಲೆ ನಡೆಯಬೇಕಾಗಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿ ಆ್ಯಪ್ ತನ್ನ ಸಂದೇಶಕ್ಕಾಗಿ ಸದಾ ಎಚ್ಚರವಾಗಿ ಕಾಯುವುದಿಲ್ಲ, ಕಾದರೆ ಬ್ಯಾಟರಿ ಉಳಿಯುವುದಿಲ್ಲ. ಊರಿಗೆಲ್ಲ ಒಬ್ಬನೇ ಅಂಚೆಯವನಿರುವಂತೆ, ಗೂಗಲ್‌ನ ಒಂದೇ ಸೇವೆ ಒಂದೇ ಸಂಪರ್ಕವನ್ನು ತೆರೆದಿಟ್ಟುಕೊಂಡು ಎಲ್ಲ ಆ್ಯಪ್‌ಗಳ ಸಂದೇಶವನ್ನೂ ತರುತ್ತದೆ. 2010ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಈ ವ್ಯವಸ್ಥೆಗೆ ಈಗ ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್ ಎಂದು ಹೆಸರು. ಐಫೋನಿನಲ್ಲಿ ಇಂಥದೇ ವ್ಯವಸ್ಥೆ 2009ರಿಂದ ಇದೆ. ಆ ಒಂದು ಸಂಪರ್ಕ ಕಡಿದರೆ ಎಲ್ಲ ಆ್ಯಪ್‌ಗಳೂ ಒಟ್ಟಿಗೇ ಮೌನವಾಗುತ್ತವೆ. ಫೋನಿಗೆ ಸಂಪರ್ಕ ಮರಳುವವರೆಗೆ ಸಂದೇಶ ಸರ್ವರ್‌ನಲ್ಲೇ ಕಾಯುತ್ತದೆ, ಹೆಚ್ಚೆಂದರೆ 28 ದಿನದವರೆಗೂ. ತಡವಾದ ಸಂದೇಶಗಳು ಕಳೆದುಹೋಗದೆ ಒಟ್ಟಿಗೇ ಬಂದು ಬೀಳುವುದು ಇದರಿಂದ.

2015ರ ಆಂಡ್ರಾಯ್ಡ್ 6ರಲ್ಲಿ ‘ಡೋಜ಼್’ ಎಂಬ ವ್ಯವಸ್ಥೆ ಬಂತು. ಚಾರ್ಜರ್ ತೆಗೆದು, ಪರದೆ ಆರಿಸಿ, ಅಲುಗಾಡಿಸದೆ ಇಟ್ಟ ಫೋನು ಸ್ವಲ್ಪ ಹೊತ್ತಿನ ಮೇಲೆ ತೂಕಡಿಕೆಗೆ ಜಾರುತ್ತದೆ. ಆಗಾಗ ಮಾತ್ರ ಎಚ್ಚೆತ್ತು ಬಾಕಿ ಕೆಲಸ ಮಾಡುತ್ತದೆ, ಹೊತ್ತು ಹೋದಂತೆ ಈ ಎಚ್ಚರಗಳ ನಡುವಿನ ಅಂತರ ಬೆಳೆಯುತ್ತದೆ. ಮರುವರ್ಷದ ಆಂಡ್ರಾಯ್ಡ್ 7ರಲ್ಲಿ ಜೇಬಿನಲ್ಲಿ ಅಲುಗಾಡುತ್ತಿರುವ ಫೋನಿಗೂ ಇದರ ಹಗುರ ರೂಪ ಬಂತು. 2018ರ ಆಂಡ್ರಾಯ್ಡ್ 9ರಿಂದ, ನಾವು ಅಪರೂಪಕ್ಕೆ ತೆರೆಯುವ ಆ್ಯಪ್‌ಗಳಿಗೆ ಇನ್ನೂ ಬಿಗಿ ಕಟ್ಟಳೆ ಬಂತು. ತುರ್ತು ಎಂದು ಗುರುತು ಮಾಡಿ ಕಳಿಸಿದ ಸಂದೇಶ ತೂಕಡಿಸುವ ಫೋನನ್ನೂ ಎಬ್ಬಿಸಬಲ್ಲದು, ಸಾಮಾನ್ಯ ಸಂದೇಶ ಕಾಯುತ್ತದೆ. ಆದರೆ ವೈ-ಫೈ ಸಂಪರ್ಕವೇ ಇಲ್ಲದಾಗ ತುರ್ತು ಸಂದೇಶವೂ ಒಳಗೆ ಬರಲಾರದು. ಕೆಲವು ಕ್ಲೀನರ್‌ಗಳಂತೆ ಆ್ಯಪ್ಪನ್ನು ‘ಫೋರ್ಸ್ ಸ್ಟಾಪ್’ ಮಾಡಿಬಿಟ್ಟರೆ, ಫೋನಿನ ಒಡೆಯರು ಅದನ್ನು ಮತ್ತೆ ತೆರೆಯುವವರೆಗೆ ಅದಕ್ಕೆ ಯಾವ ಸಂದೇಶವೂ ಮುಟ್ಟದು. ಡೋಜ಼್, ಬ್ಯಾಟರಿ ಸೇವರ್, ನಾನು ಬದಲಿಸಿದ ವೈ-ಫೈ ಆಯ್ಕೆ, ಈ ಮೂರೂ ಚಾರ್ಜಿಗೆ ಹಾಕಿದೊಡನೆ ಹಿಂದೆ ಸರಿಯುತ್ತವೆ. ಆಯಿ ಕಂಡದ್ದು ಇದನ್ನೇ.

ಇಷ್ಟಕ್ಕೂ ಮೂಲ ರೋಗ ಬ್ಯಾಟರಿಯದು. ಲಿಥಿಯಂ-ಅಯಾನ್ ಬ್ಯಾಟರಿ ಕೆಲವು ನೂರು ಸಲ ಪೂರ್ತಿ ಚಾರ್ಜಾಗಿ ಇಳಿಯುವಷ್ಟರಲ್ಲಿ ತನ್ನ ಶಕ್ತಿಯ ಒಂದು ಪಾಲು ಕಳೆದುಕೊಳ್ಳುತ್ತದೆ. ಒಳಗಿನ ವಿದ್ಯುತ್ ತಡೆ ಹೆಚ್ಚುತ್ತದೆ, ಹೆಚ್ಚು ಕೆಲಸ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ಹಳೆಯ ಬ್ಯಾಟರಿಯ ಐಫೋನುಗಳು ಹಠಾತ್ತನೆ ಆಫ್ ಆಗದಿರಲೆಂದು ಅವುಗಳ ವೇಗ ತಗ್ಗಿಸುತ್ತಿರುವುದಾಗಿ ಆ್ಯಪಲ್ 2017ರಲ್ಲಿ ಒಪ್ಪಿಕೊಂಡಿತ್ತು. ಬ್ಯಾಟರಿ ಸವೆದರೆ ಫೋನಿನ ನಡವಳಿಕೆಯೇ ಬದಲಾಗುತ್ತದೆ. ಸವೆದ ಬ್ಯಾಟರಿಯನ್ನು ಹಾಗೇ ಬಿಟ್ಟು, ಅದರ ಕೊರತೆ ತುಂಬಲು ನಾನು ಒಂದರ ಮೇಲೊಂದು ಕಟ್ಟು ಹಾಕುತ್ತ ಹೋಗಿದ್ದೆ. ಶಿರಸಿ ಪೇಟೆಯ ರಿಪೇರಿ ಅಂಗಡಿಯಲ್ಲಿ ಹೊಸ ಬ್ಯಾಟರಿ ಹಾಕಿಸಿದ ಮೇಲೆ ಆ ಯಾವ ಕಟ್ಟೂ ಬೇಕಾಗಲಿಲ್ಲ. ದೀಪಾವಳಿಯಲ್ಲೇ ಮಾಡಬೇಕಾಗಿದ್ದ ಕೆಲಸ ಅದೊಂದೇ. ಬ್ಯಾಟರಿ ಉಬ್ಬಿ ಹಿಂದಿನ ಕವಚ ಎದ್ದಿದ್ದರಂತೂ ಅದನ್ನು ಚಾರ್ಜಿಗೆ ಹಾಕದೆ ಆ ದಿನವೇ ಬದಲಿಸಬೇಕು. ಅದು ಬೆಂಕಿಯ ಅಪಾಯ.

ಇನ್ನೊಂದು ತಪ್ಪಿಗೆ ಫೋನಿನ ನಂಟಿಲ್ಲ. ನಮ್ಮ ಕಡೆ ಹಿಂದೆ ಸಾವಿನ ಸುದ್ದಿಯನ್ನು ಆಳು ಕಳಿಸಿ ಹೇಳಿಸುತ್ತಿದ್ದರು. ಹೋದವನು ಮನೆಯವರ ಎದುರು ನಿಂತು ಹೇಳಿದ ಮೇಲೆಯೇ ಮರಳುತ್ತಿದ್ದ. 2013ರ ಜುಲೈನಲ್ಲಿ ನಿಂತುಹೋದ ತಂತಿಯನ್ನೂ ಅಂಚೆಯವರು ಬಾಗಿಲಿಗೆ ತಂದು ಕೈಗೆ ಕೊಡುತ್ತಿದ್ದರು. ಗುಂಪಿಗೆ ಸುದ್ದಿ ಹಾಕಿ ನಮ್ಮ ಹೊಣೆ ಮುಗಿಯಿತು ಎಂದುಕೊಳ್ಳುವುದು ನಾವು ಇತ್ತೀಚೆಗೆ ಕಲಿತ ಕೆಟ್ಟ ರೂಢಿ. ಗುಂಪಿನಲ್ಲಿ ಹತ್ತಾರು ಜನ ಇದ್ದೆವು. ಇನ್ನೊಬ್ಬರು ತಿಳಿಸಿರುತ್ತಾರೆಂದು ಎಲ್ಲರೂ ಸುಮ್ಮನಿದ್ದೆವು, ಅವರಲ್ಲಿ ಮೊದಲಿಗ ನಾನು. ಈಗ ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಸಾವು, ಆಸ್ಪತ್ರೆ, ಅಪಘಾತದಂಥ ಸುದ್ದಿಯನ್ನು ಕಳಿಸಿದವರು ಆ ಕಡೆಯಿಂದ ಒಬ್ಬರು ಬಾಯಿಂದ “ಗೊತ್ತಾಯಿತು” ಎನ್ನುವವರೆಗೆ ಬಿಡುವಂತಿಲ್ಲ. ಆಯಿ ಸಿಗದಿದ್ದರೆ ಮೇಲಿನ ಮನೆಯವರಿಗೆ, ಅವರೂ ಸಿಗದಿದ್ದರೆ ತೋಟದ ಕೆಲಸಕ್ಕೆ ಬರುವವರಿಗೆ ಹೇಳಬೇಕು. ಅವರ ನಂಬರುಗಳು ಈಗ ನಮ್ಮೆಲ್ಲರ ಬಳಿ ಇವೆ.

ಆಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎನ್ನಿಸುತ್ತದೆ. ನಾನು ಮಾಡಿದ್ದೇನೆಂದು ಅವಳಿಗೆ ಬಿಡಿಸಿ ಹೇಳಿ ಕ್ಷಮೆ ಕೇಳಿದೆ. ಫೋನು ಸರಿಹೋಯಿತು, ಅಕ್ಕನ ಮುಖ ಕಾಣದ ಅವಳ ನೋವು ಹೋಗಲಿಲ್ಲ, ಹೋಗುವಂಥದ್ದೂ ಅಲ್ಲ.

ಮುಂದಿನ ಸಲ ಊರಿಗೆ ಹೋದಾಗ ದಯವಿಟ್ಟು ಇಷ್ಟು ಮಾಡಿ. ಹಿರಿಯರು ಫೋನಿನ ಬಗ್ಗೆ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಫೋನನ್ನು ಚಾರ್ಜಿನಿಂದ ತೆಗೆದು, ಪರದೆ ಆರಿಸಿ, ಒಂದು ಗಂಟೆ ಹಾಗೇ ಬಿಟ್ಟು ಇನ್ನೊಂದು ಕೋಣೆಯಿಂದ ಸಂದೇಶ ಕಳಿಸಿ ನೋಡಿ. ಸೆಟ್ಟಿಂಗ್ ಬದಲಿಸುವುದಾದರೆ ಒಮ್ಮೆಗೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ, ಹೊರಡುವ ಮೊದಲು ಇನ್ನೊಮ್ಮೆ ಪರೀಕ್ಷಿಸಿ. ಕ್ಲೀನರ್ ಆ್ಯಪ್ ಇದ್ದರೆ ತೆಗೆಯಿರಿ, ಬ್ಯಾಟರಿ ಸವೆದಿದ್ದರೆ ಬದಲಿಸಿಕೊಡಿ. ತುರ್ತು ಸುದ್ದಿಯಿದ್ದಾಗ ಕರೆ ಮಾಡಿ, ಕರೆ ಹೋಗದಿದ್ದರೆ ಯಾರನ್ನಾದರೂ ಮನೆಗೆ ಕಳಿಸಿ.